ಹಡಗೇರುವ ಮುನ್ನ

ಕಾಸರಗೋಡಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ಹೊಸತಲ್ಲ. ಮಂಜೇಶ್ವರದಿಂದ ನೀಲೇಶ್ವರದ ವರೆಗೆ ರೈಲಿನ ಪಡುಗಡೆಯ ಕಿಟಕಿಯಲ್ಲಿ ಅದು ತೆಂಗಿನ ತೋಟಗಳ ಸಂದಿನಿಂದ ಆಗಾಗ ಇಣುಕುತ್ತಿರುತ್ತದೆ. ಬೇಕಲದ ಕೋಟೆಯ ಬುರುಜಿನ ಮೇಲೆ ನಿಂತರಂತೂ ಕಣ್ಣು ಹಾಯುವಷ್ಟು ದೂರ ಅದೇ. ಆದರೂ ಆ ನೀರಿನ ಮೇಲೆ ಒಂದು ರಾತ್ರಿಯನ್ನಾದರೂ ಕಳೆದವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ? ಮೊಗವೀರ ಬಂಧುಗಳನ್ನೂ ಹಡಗಿನ ನೌಕರಿಗೆ ಸೇರಿದವರನ್ನೂ ಬಿಟ್ಟರೆ, ಉಳಿದ ನಮ್ಮೆಲ್ಲರ ಪರಿಚಯ ಮೊಣಕಾಲಿನ ವರೆಗಿನ ನೀರಿನದು. ಕೊಲ್ಲಿಯ ನಾಡುಗಳಿಗೆ ದುಡಿಯಲು ಹೋಗುವ ನಮ್ಮ ಮಕ್ಕಳೂ ಈ ಕಡಲನ್ನು ದಾಟುವುದು ಆಕಾಶಮಾರ್ಗದಲ್ಲಿ.

ಇತ್ತೀಚಿನ ವರ್ಷಗಳಲ್ಲಿ ವಿಹಾರಕ್ಕಾಗಿಯೇ ಹಡಗೇರುವ ಅಭ್ಯಾಸ ನಮ್ಮ ಮಧ್ಯಮ ವರ್ಗದ ಕುಟುಂಬಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ನಾವು ಮನೆಮಂದಿ ಲಕ್ಷದ್ವೀಪಕ್ಕೆ ಹೋಗಿಬಂದ ಸಂಗತಿ ತಿಳಿದವರು ಮದುವೆ ಮುಂಜಿಗಳಲ್ಲಿ ಕಂಡಾಗಲೆಲ್ಲ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. "ಅಪ್ಪನಿಗೆ ಎಪ್ಪತ್ತು ತುಂಬಿತು, ಅಮ್ಮನನ್ನೂ ಅವರನ್ನೂ ಒಮ್ಮೆ ಹಡಗಿನಲ್ಲಿ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಎಷ್ಟಾಗುತ್ತದೆ?" ಎಷ್ಟಾಗುತ್ತದೆ ಎಂಬುದು ಎರಡನೆಯ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಹಿರಿಯರು ಸಂಗಡ ಇರುವಾಗ ಮೊದಲು ಕೇಳಬೇಕಾದುದು, ಹಡಗು ನಿಲ್ಲುವಲ್ಲಿ ಅವರು ಅದರಿಂದ ಇಳಿಯುವುದು ಹೇಗೆ ಎಂಬುದನ್ನು. ಬಣ್ಣದ ಪ್ರಚಾರಪತ್ರಗಳಲ್ಲಿ ಊಟದ ಪಟ್ಟಿ ಇರುತ್ತದೆ, ಈಜುಕೊಳದ ಚಿತ್ರ ಇರುತ್ತದೆ. ಈ ಒಂದು ಮಾತು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ನಾವು ಲಕ್ಷದ್ವೀಪವನ್ನೇ ಆರಿಸಿಕೊಂಡುದಕ್ಕೆ ಖರ್ಚಿನ ಲೆಕ್ಕವಲ್ಲದೆ ಬೇರೊಂದು ಕಾರಣವೂ ಇತ್ತು. ಆ ದ್ವೀಪಗಳು ನಮಗೆ ಹೊರಗಿನವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳಿಗೆ ಅಮಿನದೀವಿ ಎಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಲ್ಲಿನ ಜನರು 1787ರಲ್ಲಿ ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕುಂಪಣಿ ಸರಕಾರದ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನ ಕಲೆಕ್ಟರರ ಅಧೀನದಲ್ಲಿ ಉಳಿದವು. ದ್ವೀಪದ ತೆಂಗಿನ ನಾರು ಮಂಗಳೂರಿನ ಬಂದರಕ್ಕೆ ಬರುತ್ತಿತ್ತು, ಅದಕ್ಕೆ ಬದಲಾಗಿ ಅಕ್ಕಿ ಹೋಗುತ್ತಿತ್ತು. ಕಾಸರಗೋಡು ತಾಲೂಕೂ ಅದೇ ಜಿಲ್ಲೆಯದಷ್ಟೆ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಅಮಿನದೀವಿಯೂ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಹೊಸ ಕೇಂದ್ರಾಡಳಿತ ಪ್ರದೇಶವೊಂದಕ್ಕೆ ಸೇರಿತು. ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದುದು 1973ರಲ್ಲಿ. ಒಂದೇ ಮನೆಯ ಪಾಲುಪಟ್ಟಿಯಲ್ಲಿ ಒಂದೇ ದಿನ ಹೊರಬಿದ್ದ ಎರಡು ತುಂಡುಗಳು ಇವು. ನಮ್ಮ ವಿಷಯವಾಗಿ ನಾವು ಎಷ್ಟೋ ಬರೆದಿದ್ದೇವೆ, ಎಷ್ಟೋ ಭಾಷಣ ಮಾಡಿದ್ದೇವೆ. ಆ ಇನ್ನೊಂದು ತುಂಡನ್ನು ನೆನೆದವರು ಕಡಿಮೆ.

2019ರ ಫೆಬ್ರವರಿಯಲ್ಲಿ ನಾವು ಐವರು, ಅಮ್ಮ, ಅಕ್ಕ, ನಾನು, ನನ್ನ ಹೆಂಡತಿ ಮತ್ತು ಹನ್ನೆರಡರ ಮಗಳು, ಕಾಸರಗೋಡಿನಿಂದ ರಾತ್ರಿಯ ರೈಲು ಹಿಡಿದು ಎರ್ನಾಕುಳಕ್ಕೆ ಹೋದೆವು. ಲಕ್ಷದ್ವೀಪದ ಹಡಗುಗಳು ಹೊರಡುವುದು ಅಲ್ಲಿನ ವಿಲಿಂಗ್ಡನ್ ದ್ವೀಪದಿಂದ. ಇದು ದೇವರು ಮಾಡಿದ ದ್ವೀಪವಲ್ಲ. ಕೊಚ್ಚಿಯ ಬಂದರನ್ನು ಆಳಗೊಳಿಸುವಾಗ ತೆಗೆದ ಹೂಳನ್ನು ಒಟ್ಟಿ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರನ ಮೇಲ್ವಿಚಾರಣೆಯಲ್ಲಿ ನಿರ್ಮಿಸಿದ ನೆಲ. ದ್ವೀಪಾಡಳಿತದ ಪ್ರವಾಸೋದ್ಯಮ ಸಂಸ್ಥೆಯ ಕಚೇರಿಯೂ ಅಲ್ಲಿಯೇ ಇದೆ. ನಾವು ಹೋದುದು ಆ ಸಂಸ್ಥೆಯವರು 'ಸಮುದ್ರಂ' ಎಂಬ ಹೆಸರಿನಲ್ಲಿ ಏರ್ಪಡಿಸಿದ್ದ ಐದು ದಿನಗಳ ಪ್ರವಾಸದಲ್ಲಿ. ಹಡಗು ಎಂ.ವಿ. ಕವರತ್ತಿ, 700 ಪ್ರಯಾಣಿಕರನ್ನು ಒಯ್ಯಬಲ್ಲುದು. ರಾತ್ರಿಯ ವಾಸ ಹಡಗಿನಲ್ಲಿ, ಹಗಲು ಒಂದೊಂದು ದ್ವೀಪದಲ್ಲಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ಸ್ಥಳಗಳು.

ವಾಚಕರು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಇದು ವಿಹಾರಕ್ಕೆಂದೇ ಕಟ್ಟಿದ ನೌಕೆಯಲ್ಲ. ದ್ವೀಪವಾಸಿಗಳು ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಬಟ್ಟೆ ಕೊಳ್ಳಲು ಕೊಚ್ಚಿಗೆ ಬಂದು ಹೋಗುವ ಹಡಗು. ಅವರಿಗೆ ಇದೇ ನಮ್ಮ ಊರಿನ ಬಸ್ಸಿದ್ದಂತೆ. ಅದರಲ್ಲಿ ಪ್ರವಾಸಿಗಳಿಗಾಗಿ ಕೆಲವು ಕೋಣೆಗಳನ್ನು ಮೀಸಲಿಡುತ್ತಾರೆ. ಇಂಥ ಹಡಗುಗಳಲ್ಲಿ ಮೊದಲನೆಯ ದರ್ಜೆಯೆಂದರೆ ಎರಡು ಮಂಚಗಳ ಕೋಣೆ. ಎರಡನೆಯದೆಂದರೆ ನಾಲ್ಕು ಮಂಚಗಳದು, ಎರಡು ಕೆಳಗೆ ಎರಡು ಮೇಲೆ. ಅದಕ್ಕೂ ಕೆಳಗಿನದು ಸಾಲು ಸಾಲಾಗಿ ಮಲಗುವ ಬಂಕು. ಸಂಗೀತ ಕಚೇರಿ, ನಾಟಕಶಾಲೆ ಇತ್ಯಾದಿಗಳನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಗುವುದು ನಿಶ್ಚಯ. ನಮಗಾದರೋ ಇದರಿಂದ ಲಾಭವೇ ಆಯಿತು. ಅಮಿನಿಯ ವೃದ್ಧರೊಬ್ಬರು ಮೊಮ್ಮಗಳ ಕಣ್ಣಿನ ಚಿಕಿತ್ಸೆ ಮುಗಿಸಿ ಮರಳುತ್ತಿದ್ದವರು, ನಾವು ಕಾಸರಗೋಡಿನವರೆಂದು ತಿಳಿದು ಅಮ್ಮನ ಬಳಿ ಬಂದು ಕುಳಿತರು. ಅವರ ಅಜ್ಜ ಹಾಯಿಯ ಓಡದಲ್ಲಿ ನಾರು ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದರಂತೆ. ಬಂದರದ ವ್ಯಾಪಾರಿಗಳೊಡನೆ ವ್ಯವಹರಿಸುವಷ್ಟು ತುಳು ಕಲಿತಿದ್ದರಂತೆ. ಅಮ್ಮನೂ ಅವರೂ ಮಲೆಯಾಳದಲ್ಲಿ ಆಡಿದ ಮಾತು ರಾತ್ರಿಯ ಊಟದ ಗಂಟೆಯಾಗುವ ವರೆಗೆ ಮುಗಿಯಲಿಲ್ಲ.

ಕೋಣೆಯನ್ನು ಗೊತ್ತುಮಾಡುವಾಗ ಅದರ ದರ್ಜೆಗಿಂತ ಅದು ಹಡಗಿನ ಯಾವ ಭಾಗದಲ್ಲಿದೆ ಎಂಬುದನ್ನು ವಿಚಾರಿಸಬೇಕು. ನಮ್ಮ ಹಿರಿಯರ ಕಾಲದ ಏತದ ಮರವನ್ನು ನೆನಪಿಗೆ ತಂದುಕೊಳ್ಳಿ. ತುದಿಗಳು ಆಳುದ್ದ ಏರಿಳಿದರೂ ನಡುವಿನ ಭಾಗ ಹೆಚ್ಚು ಅಲುಗುವುದಿಲ್ಲ. ಅಲೆಗಳ ಮೇಲೆ ಹಡಗಿನ ನಡೆಯೂ ಹಾಗೆಯೇ. ಮೂತಿಯ ಕಡೆಯ ಮತ್ತು ಹಿಂಭಾಗದ ಕೋಣೆಗಳು ತುಯ್ಯುವುದು ಹೆಚ್ಚು. ನಡುಭಾಗದವು, ಅದರಲ್ಲಿಯೂ ಕೆಳಗಿನ ಅಂತಸ್ತಿನವು, ಕಡಿಮೆ. ಮೇಲಿನ ಅಂತಸ್ತಿಗೆ ಹೋದಷ್ಟೂ ದರ ಏರುತ್ತದೆ, ಓಲಾಟವೂ ಏರುತ್ತದೆ. ತಲೆಸುತ್ತಿನ ಸ್ವಭಾವದವರು ಹೆಚ್ಚು ಹಣ ಕೊಟ್ಟು ಹೆಚ್ಚು ಕಷ್ಟವನ್ನು ಕೊಂಡುಕೊಳ್ಳಬೇಕಾದುದಿಲ್ಲ. ಹಿರಿಯರಿದ್ದರೆ ಕೆಳಮಂಚವನ್ನು ಬರವಣಿಗೆಯಲ್ಲಿಯೇ ಕೇಳಿಕೊಳ್ಳುವುದು ಕ್ಷೇಮ. ಎಪ್ಪತ್ತರ ತಾಯಿಯನ್ನು ಏಣಿ ಹತ್ತಿಸಿ ಮಲಗಿಸಲಾದೀತೇ?

ಹಡಗು ಧಕ್ಕೆ ಬಿಡುವ ಹೊತ್ತಿಗೆ ಪ್ರಯಾಣಿಕರನ್ನು ಒಂದೆಡೆ ಸೇರಿಸಿ ಅಪಾಯಕಾಲದಲ್ಲಿ ಏನು ಮಾಡಬೇಕೆಂದು ಹೇಳಿಕೊಡುತ್ತಾರೆ. ಏಳು ಸಣ್ಣ ಕೂಗು, ಬಳಿಕ ಒಂದು ಉದ್ದ ಕೂಗು, ಇದು ಎಲ್ಲ ಹಡಗುಗಳಲ್ಲಿಯೂ ಒಂದೇ ಆಗಿರುವ ಸಂಕೇತ. ಆಗ ಜೀವರಕ್ಷಕ ಅಂಗಿ ತೊಟ್ಟು ಗೊತ್ತಾದ ಸ್ಥಳದಲ್ಲಿ ನಿಲ್ಲತಕ್ಕದ್ದು. ಬಹಳ ಜನ ಇದನ್ನು ಶಾಲೆಯ ಕವಾಯತೆಂದು ತಿಳಿದು ಚಹದ ಅಂಗಡಿಯ ಕಡೆಗೆ ನಡೆಯುತ್ತಾರೆ. 2012ರ ಜನವರಿಯಲ್ಲಿ ಇಟಲಿಯ ದಂಡೆಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಭಾರಿ ವಿಹಾರನೌಕೆ ಬಂಡೆಗೆ ತಾಗಿ ಮಗುಚಿದಾಗ, ಆಗಷ್ಟೇ ಹತ್ತಿದ ಪ್ರಯಾಣಿಕರಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಹಿಂದಿನ ನಿಯಮದಂತೆ ಅದಕ್ಕೆ ಇಪ್ಪತ್ತನಾಲ್ಕು ಗಂಟೆಗಳ ಅವಕಾಶವಿತ್ತು. 2015ರಿಂದ ಹೊರಡುವ ಮೊದಲು ಇಲ್ಲವೆ ಹೊರಟ ಕೂಡಲೇ ಆಗಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ತಿದ್ದಿದರು. ನಾವು ಹೋಗಿದ್ದ ಎಂ.ವಿ. ಕವರತ್ತಿಯ ಯಂತ್ರದ ಕೋಣೆಯಲ್ಲಿಯೂ 2021ರ ದಶಂಬರದಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. ಪ್ರಯಾಣಿಕರಲ್ಲಿ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆ ಸುದ್ದಿಯನ್ನು ಓದಿದಾಗ ಅಕ್ಕ ಮೊದಲು ನೆನೆದದ್ದು, ಕಿತ್ತಳೆ ಬಣ್ಣದ ಆ ಅಂಗಿಯ ದಾರ ಕಟ್ಟಲು ನಮ್ಮ ಮಗಳಿಗೆ ಕಲಿಸಿದ ನಾವಿಕನನ್ನು.

ಕೊಚ್ಚಿಯಿಂದ ಕವರತ್ತಿ 404 ಕಿಲೋಮೀಟರು. ದ್ವೀಪದ ದೂರಕ್ಕೆ ತಕ್ಕಂತೆ ಹದಿನಾಲ್ಕರಿಂದ ಹದಿನೆಂಟು ಗಂಟೆಗಳ ದಾರಿ. ಕಡಲು ಶಾಂತವಾಗಿದ್ದ ಕಾಲವಾದರೂ ನಡುರಾತ್ರಿಯಲ್ಲಿ ಓಲಾಟ ತಿಳಿಯುತ್ತಿತ್ತು. ನನ್ನ ಹೆಂಡತಿಗೆ ಬಸ್ಸಿನಲ್ಲಿ ಮಡಿಕೇರಿಗೆ ಹೋಗುವಾಗಲೂ ವಾಂತಿಯಾಗುವುದುಂಟು. ನಮ್ಮ ವೈದ್ಯರು ಕೊಟ್ಟಿದ್ದ ಗುಳಿಗೆಯನ್ನು ಹಡಗು ಹೊರಡುವ ಒಂದು ಗಂಟೆ ಮೊದಲೇ ನುಂಗಿದ್ದಳು. ಸಂಕಟ ಆರಂಭವಾದ ಮೇಲೆ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಉಳಿಯದು. ಬರಿಹೊಟ್ಟೆಯಲ್ಲಿ ಇದ್ದರೆ ವಾಂತಿಯಾಗದೆಂಬುದು ತಪ್ಪು ತಿಳುವಳಿಕೆ. ಗಂಜಿ, ಬಿಸ್ಕತ್ತು, ಒಣಶುಂಠಿಯ ಚೂರು ಇಂಥ ಹಗುರವಾದುದೇನಾದರೂ ಇರಬೇಕು. ಕೋಣೆಯೊಳಗೆ ಪುಸ್ತಕ ಹಿಡಿದು ಕೂಡುವುದರ ಬದಲು ಹೊರಗಿನ ಗಾಳಿಯಲ್ಲಿ ನಿಂತು ಬಾನೂ ನೀರೂ ಕೂಡುವ ಗೆರೆಯನ್ನು ನೋಡುತ್ತಿದ್ದರೆ ಕಣ್ಣಿಗೂ ಕಿವಿಗೂ ಜಗಳವಿಲ್ಲದೆ ತಲೆ ತಿಳಿಯಾಗುತ್ತದೆ.

ಬೆಳಗಾದಾಗ ನೀರಿನ ಬಣ್ಣವೇ ಬದಲಾಗಿತ್ತು. ನಮ್ಮ ದಂಡೆಯ ಕಡಲು ಹಸುರು ಬೆರೆತ ಬೂದು. ಇಲ್ಲಿನದು ಶಾಯಿಯಂತೆ ಕಡುನೀಲಿ. ಅದರಾಚೆ ಒಂದು ಬಿಳಿಯ ನೊರೆಯ ಗೆರೆ, ಗೆರೆಯ ಒಳಗೆ ಎಳೆಯ ಬಾಳೆಲೆಯ ಬಣ್ಣದ ನೀರು, ಅದರಾಚೆ ತೆಂಗು. ಆ ಬಿಳಿಯ ಗೆರೆಯೇ ಹವಳದ ದಂಡೆ. ಒಳಗಿನ ನೀರು ಆಳವಿಲ್ಲದುದರಿಂದ ದೊಡ್ಡ ಹಡಗು ಅದನ್ನು ದಾಟಲಾರದು. ಹೊರಗಡೆಯಲ್ಲಿ ನಿಂತು, ಯಂತ್ರದ ಸಣ್ಣ ದೋಣಿಗಳಿಗೆ ಜನರನ್ನು ಇಳಿಸಬೇಕಾಗುತ್ತದೆ. ಹಡಗು ನೇರವಾಗಿ ಧಕ್ಕೆಗೆ ತಾಗುವುದು ಎಲ್ಲ ದ್ವೀಪಗಳಲ್ಲಿ, ಎಲ್ಲ ದಿನ ಸಾಧ್ಯವಾಗುವುದಿಲ್ಲ.

ಈ ಇಳಿಯುವಿಕೆಯನ್ನು ತುಸು ವಿವರವಾಗಿಯೇ ಹೇಳಬೇಕು. ಹಡಗಿನ ಪಕ್ಕದಲ್ಲಿ, ನೀರಿಗೆ ಸಮೀಪವಾಗಿ ಒಂದು ಬಾಗಿಲು ತೆರೆಯುತ್ತಾರೆ. ಅದರ ಮಗ್ಗುಲಿಗೆ ದೋಣಿ ಬಂದು ನಿಲ್ಲುತ್ತದೆ. ಹಡಗು ಹೆಚ್ಚಾಗಿ ಕದಲುವುದಿಲ್ಲ, ದೋಣಿ ಮಾತ್ರ ಅಲೆಯೊಡನೆ ಒಮ್ಮೆ ಸೊಂಟದೆತ್ತರಕ್ಕೆ ಏರುತ್ತದೆ, ಒಮ್ಮೆ ಕಾಲಡಿಗಿಂತ ಕೆಳಕ್ಕೆ ಜಾರುತ್ತದೆ. ಏರಿ ಬಂದ ಆ ಒಂದು ಕ್ಷಣದಲ್ಲಿ ಕಾಲಿಡಬೇಕು. ಎರಡೂ ಕಡೆ ನಾವಿಕರು ನಿಂತು ರಟ್ಟೆಯನ್ನು ಭದ್ರವಾಗಿ ಹಿಡಿಯುತ್ತಾರೆ. ಹಿಡಿಯುವವನು ಅವನು, ಗಳಿಗೆ ಹೇಳುವವನೂ ಅವನು. ನಾವು ಅನುಮಾನಿಸಿ ಹಿಂದೆ ಮುಂದೆ ನೋಡಿದರೆ ಮಾತ್ರ ಅಪಾಯ. ಕೈಯಲ್ಲಿ ಚೀಲವಾಗಲಿ ಕೊಡೆಯಾಗಲಿ ಇರಕೂಡದು. ಸೀರೆಯುಟ್ಟವರು ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಳ್ಳಬೇಕು. ಜಾರುವ ಚಪ್ಪಲಿಗಿಂತ ಬೆಲ್ಟು ಕಟ್ಟುವ ಚಪ್ಪಲಿ ಲೇಸು.

ಅಮ್ಮನಿಗೆ ಆಗ ಎಪ್ಪತ್ತೊಂದು, ಎಡ ಮೊಣಕಾಲಿನಲ್ಲಿ ನೋವು. ಕವರತ್ತಿಯಲ್ಲಿ ಬಾಗಿಲಿನ ಬಳಿ ಬಂದು ಕೆಳಗೆ ನೋಡಿದವರು ಒಂದು ಕ್ಷಣ ನಿಂತರು. "ಪೇಡಿಕ್ಕಂಡ ಅಮ್ಮಾ" ಎಂದ ಹುಡುಗ, ಅವರು ಹೆದರಲು ಸಮಯವನ್ನೇ ಕೊಡದೆ ದೋಣಿಯಲ್ಲಿ ಕೂರಿಸಿಬಿಟ್ಟ. ಹವಳದ ದಂಡೆಯನ್ನು ದಾಟಿ ಒಳನೀರಿಗೆ ಬಂದೊಡನೆ ದೋಣಿಯ ಕುಣಿತ ನಿಂತಿತು. ನೀರಿನ ಅಡಿ ಕಾಣುತ್ತಿತ್ತು.

ಕವರತ್ತಿಯಲ್ಲಿ ನೋಡತಕ್ಕವು ಹಲವು. ಮರದ ಕೆತ್ತನೆಗೆ ಹೆಸರಾದ ಉಜ್ರಾ ಮಸೀದಿಯಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕುಡಿಯುವ ನೀರಿನ ಯಂತ್ರಶಾಲೆ. ಬಾವಿಯ ನೀರು ಉಪ್ಪಾಗುವ ಆ ಸಣ್ಣ ನೆಲದಲ್ಲಿ 2005ರಿಂದ ಕಡಲಿನ ನೀರನ್ನೇ ಸಿಹಿಯಾಗಿಸುತ್ತಿದ್ದಾರೆ, ದಿನಕ್ಕೆ ಒಂದು ಲಕ್ಷ ಲೀಟರಿನಷ್ಟು. ಮೇಲ್ಮೈಯ ಬೆಚ್ಚನೆಯ ನೀರನ್ನು ಗಾಳಿ ತೆಗೆದ ಪಾತ್ರೆಗೆ ಬಿಟ್ಟರೆ ಬೆಂಕಿಯಿಲ್ಲದೆಯೇ ಅದರಲ್ಲಿ ಒಂದಂಶ ಆವಿಯಾಗುತ್ತದೆ. ಸುಮಾರು 350 ಮೀಟರು ಆಳದಿಂದ ಕೊಳವೆಯಲ್ಲಿ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪಾಗಿಸಿದರೆ ಸಿಹಿನೀರು. ದ್ವೀಪದ ಬದಿಯಲ್ಲಿಯೇ ಕಡಲಿನ ತಳ ಗೋಡೆಯಂತೆ ಕೆಳಗಿಳಿಯುವುದರಿಂದ ಇದು ಸಾಧ್ಯವಾಯಿತು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರ ಕೆಲಸ. ಹೊಳೆ ಕೆರೆಗಳಿರುವ ನಾವು ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿಗಾಗಿ ಕಾಯುವುದನ್ನು ನೆನೆದು ಅಕ್ಕ ಏನೋ ಗೊಣಗಿದಳು.

ಮರುದಿನ ಕಲ್ಪೇನಿ. ರಾತ್ರಿ ಗಾಳಿ ತಿರುಗಿತ್ತು. ದೋಣಿ ಹಿಂದಿನ ದಿನಕ್ಕಿಂತ ಹೆಚ್ಚು ಜಿಗಿಯುತ್ತಿತ್ತು. ನಾವಿಕರು ಕರೆದೊಯ್ಯಲು ಸಿದ್ಧರಿದ್ದರು. ಅಮ್ಮನೇ ಬಾಗಿಲಿನಿಂದ ಹಿಂದೆ ಸರಿದು, "ನೀವು ಹೋಗಿ ಬನ್ನಿ ಮಗಾ, ನಾನು ಇಲ್ಲಿಂದಲೇ ನೋಡುತ್ತೇನೆ" ಎಂದರು. ಅಕ್ಕ ಅವರೊಡನೆ ಉಳಿದಳು. ಇಬ್ಬರೂ ಮೇಲಿನ ಅಂತಸ್ತಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಇಡೀ ಹಗಲು ಕಡಲು ನೋಡಿದರು, ಹಾರುಮೀನು ಎಣಿಸಿದರು. ಹಣ ಕೊಟ್ಟಾಗಿದೆ, ಇಷ್ಟು ದೂರ ಬಂದಾಗಿದೆ ಎಂದು ಹಿರಿಯರನ್ನು ಒತ್ತಾಯಿಸುವುದನ್ನು ಆ ದಿನ ಬೇರೆ ಕುಟುಂಬಗಳಲ್ಲಿ ಕಂಡೆವು. ಅದು ಸರಿಯೆಂದು ನನಗೆ ತೋರಲಿಲ್ಲ. ಆದುದರಿಂದ ಗೊತ್ತುಮಾಡುವಾಗಲೇ ಒಬ್ಬರು ಹಡಗಿನಲ್ಲಿ ಉಳಿಯಲು ಅವಕಾಶವುಂಟೇ, ಅವರ ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ಕೇಳಿರಬೇಕು. ಹಿರಿಯರ ಜೊತೆಗೆ ಉಳಿಯತಕ್ಕವರು ಯಾರೆಂಬುದನ್ನೂ ಮನೆಯಲ್ಲಿಯೇ ಮಾತಾಡಿಕೊಂಡಿರಬೇಕು. ಇಲ್ಲವಾದರೆ ಬಾಗಿಲಿನ ಬಳಿ ಆ ಚರ್ಚೆ ಆರಂಭವಾಗಿ, ಹಿರಿಯರು ತಮ್ಮಿಂದ ಎಲ್ಲರಿಗೂ ತೊಂದರೆಯಾಯಿತೆಂದು ನೊಂದುಕೊಂಡು ಬೇಡವಾದ ಸಾಹಸಕ್ಕೆ ಇಳಿಯುತ್ತಾರೆ.

ಕಲ್ಪೇನಿಯ ಮೂಡಣ ದಂಡೆಯಲ್ಲಿ ಹವಳದ ಕಲ್ಲುಗಳ ದೊಡ್ಡದೊಂದು ಒಡ್ಡು ಇದೆ. ಯಾರೂ ಕಟ್ಟಿದ್ದಲ್ಲ; 1847ರ ಭಾರಿ ಬಿರುಗಾಳಿಯಲ್ಲಿ ಕಡಲು ಎತ್ತಿ ಎಸೆದದ್ದು. ಅದನ್ನು ನೋಡಿದ ಮೇಲೆ, ನಮ್ಮ ದೋಣಿಯ ಜಿಗಿತವನ್ನು ಕುರಿತು ದೂರಲು ಯಾರಿಗೂ ಬಾಯಿ ಬರಲಿಲ್ಲ. ಮೂರನೆಯದಾದ ಮಿನಿಕಾಯ್ ದಕ್ಷಿಣದ ತುದಿಯಲ್ಲಿದೆ. ಉಳಿದ ದ್ವೀಪಗಳವರ ಮಾತು ಮಲೆಯಾಳದ ಒಂದು ಬಗೆಯಾದರೆ, ಇಲ್ಲಿನವರದು ಮಾಲ್ದೀವಿನ ನುಡಿಗೆ ಸೇರಿದ ಮಹಲ್. 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ಏರಿದರೆ ಇಡೀ ದ್ವೀಪ ಬಿಲ್ಲಿನಂತೆ ಬಾಗಿರುವುದು ಕಾಣಿಸುತ್ತದೆ. ಅಲ್ಲಿಗೆ ಅಮ್ಮ ಬಂದರು. ದೀಪಸ್ತಂಭವನ್ನು ಮಾತ್ರ ಕೆಳಗಿನಿಂದ ನೋಡಿದರು. ದಂಡೆಯಲ್ಲಿ ಬಿದ್ದ ಹವಳದ ಚೂರನ್ನು ಯಾರೂ ಚೀಲಕ್ಕೆ ಹಾಕಕೂಡದು. ವನ್ಯಜೀವಿ ರಕ್ಷಣೆಯ ಕಾನೂನಿನಂತೆ ಅದು ಅಪರಾಧ.

ಇನ್ನು ದೊಡ್ಡ ವಿಹಾರನೌಕೆಗಳ ಮಾತು. ಭಾರತದಲ್ಲಿ ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಎಂಪ್ರೆಸ್ ಎಂಬ ನೌಕೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ಕೆರಿಬಿಯನ್ ಕಡೆ ಓಡುತ್ತಿದ್ದ ಇದು ಕೈ ಬದಲಾಗಿ, 2021ರ ಸೆಪ್ಟೆಂಬರಿನಿಂದ ಕೊರ್ಡೇಲಿಯಾ ಸಂಸ್ಥೆಯವರ ಹೆಸರಿನಲ್ಲಿ ಮುಂಬಯಿಯಿಂದ ಗೋವೆ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಹೊರಡತೊಡಗಿತು. ಹನ್ನೊಂದು ಅಂತಸ್ತು, 211 ಮೀಟರು ಉದ್ದ. ಇದರಲ್ಲಿ ಹಿರಿಯರಿಗೆ ಅನುಕೂಲಗಳು ಹೆಚ್ಚು. ಲಿಫ್ಟು ಇದೆ. ಮುಂಬಯಿ, ಗೋವೆ, ಕೊಚ್ಚಿಗಳಲ್ಲಿ ನೌಕೆ ಧಕ್ಕೆಗೇ ತಾಗುವುದರಿಂದ ಸೇತುವೆಯಂಥ ಹಾದಿಯಲ್ಲಿ ನಡೆದುಕೊಂಡೇ ಇಳಿಯಬಹುದು. ಆದರೆ ಲಕ್ಷದ್ವೀಪದಲ್ಲಿ ಇದೂ ಹೊರಗೆ ನಿಂತು ದೋಣಿಗಳನ್ನೇ ಆಶ್ರಯಿಸಬೇಕು. ಗಾಳಿ ಹೆಚ್ಚಾದರೆ ಇಳಿಸುವುದನ್ನೇ ಕೈಬಿಡುವ ಹಕ್ಕು ಕಪ್ತಾನನಿಗಿದೆ; ಅದಕ್ಕಾಗಿ ದರದಲ್ಲಿ ದೊಡ್ಡ ಮೊತ್ತವನ್ನೇನೂ ಮರಳಿಸುವುದಿಲ್ಲವೆಂದು ಸಾಮಾನ್ಯವಾಗಿ ಕರಾರಿನಲ್ಲಿ ಬರೆದಿರುತ್ತದೆ. ದ್ವೀಪ ನೋಡುವುದೇ ಮುಖ್ಯವೆಂಬವರು ಇದನ್ನು ನೆನಪಿಡಬೇಕು. ನೌಕೆಯೇ ಮುಖ್ಯವೆಂಬವರು ಗೋವೆಯ ಸಣ್ಣ ಪ್ರವಾಸವನ್ನು ಆರಿಸಿಕೊಂಡರೆ ಸಾಕು. ಮೊಣಕಾಲು ನೋವಿನವರಿಗೆ ನಾನು ಹೇಳುವುದು ಈ ಎರಡನೆಯದನ್ನೇ.

ಇಂಥ ನೌಕೆಗಳ ಕೋಣೆ ನಾಲ್ಕು ಬಗೆ. ಕಿಟಕಿಯಿಲ್ಲದ ಒಳಕೋಣೆ, ಕಡಲಿಗೆ ಕಿಟಕಿಯಿರುವುದು, ಮೊಗಸಾಲೆಯಿರುವುದು, ಮತ್ತೆ ಸಿರಿವಂತರದು. ಒಳಕೋಣೆ ಅಗ್ಗ, ಹಗಲೆಲ್ಲ ಹೊರಗೇ ಇರುವ ಯುವಕರಿಗೆ ಅದು ಸಾಕು. ಕತ್ತಲೆಗೆ ಉಸಿರು ಕಟ್ಟಿದಂತೆ ಅನಿಸುವ ಹಿರಿಯರಿಗೆ ಸಲ್ಲದು. ನಮ್ಮ ನೆರೆಯ ನಿವೃತ್ತ ಮಾಸ್ತರರೊಬ್ಬರು ಪಟ್ಟಣದ ಏಜೆಂಟನೊಬ್ಬನ ಮೂಲಕ ಕಿಟಕಿಯ ಕೋಣೆಗೆ ಹಣ ಕಟ್ಟಿದರು. ಹೋಗಿ ನೋಡಿದರೆ ಕಿಟಕಿಯೇನೋ ಇತ್ತು, ಅದರ ಮುಂದೆ ಜೀವರಕ್ಷಕ ದೋಣಿಯೊಂದು ತೂಗುತ್ತಿತ್ತು. ಮಾಸ್ತರರು ಮೂರು ದಿನವೂ ಅದರ ಹೊಟ್ಟೆಯನ್ನು ನೋಡುತ್ತ ಮಲಗಿದರು. ನೋಟಕ್ಕೆ ತಡೆಯಿರುವ ಕೋಣೆಗಳನ್ನು ನೌಕೆಯ ನಕ್ಷೆಯಲ್ಲಿ ಬೇರೆಯಾಗಿ ಗುರುತಿಸಿರುತ್ತಾರೆ, ದರವೂ ತುಸು ಕಡಿಮೆಯಿರುತ್ತದೆ. ಆದುದರಿಂದ ಕೋಣೆಯ ಸಂಖ್ಯೆಯನ್ನು ಮೊದಲೇ ಪಡೆದು, ನಕ್ಷೆಯಲ್ಲಿ ಅದರ ಮೇಲೆ ಕೆಳಗೆ ಏನಿದೆಯೆಂದು ನೋಡಬೇಕು. ತಲೆಯ ಮೇಲೆ ನೃತ್ಯಶಾಲೆ ಇದ್ದರೆ ನಡುರಾತ್ರಿಯ ವರೆಗೆ ನಿದ್ರೆಯ ಆಸೆ ಬಿಡಬೇಕು. "ಕೋಣೆ ಆಮೇಲೆ ಗೊತ್ತಾಗುತ್ತದೆ, ದರ ಕಡಿಮೆ" ಎಂಬ ಮಾತಿಗೆ ಒಪ್ಪಿದರೆ ಆರಿಸುವ ಹಕ್ಕು ಹೋಯಿತೆಂದೇ ಅರ್ಥ.

ದರದ ವಿಷಯ. ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಒಂದು ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬರಿಗೆ ತಗಲುವ ಮೊತ್ತ. ಉದಾಹರಣೆಗೆ ಅದು 20,000 ರೂಪಾಯಿ ಎಂದಿಟ್ಟುಕೊಳ್ಳಿ. ಗಂಡ ಹೆಂಡಿರಿಗೆ 40,000 ಎಂದು ಲೆಕ್ಕ ಹಾಕಿ ಸುಮ್ಮನಾಗುವಂತಿಲ್ಲ. ಬಂದರಿನ ಶುಲ್ಕ, ಸೇವಾಶುಲ್ಕ, ತೆರಿಗೆಗಳು ಅದರ ಮೇಲೆ ಬರುತ್ತವೆ. ದಂಡೆಯಲ್ಲಿ ತಿರುಗಾಟ, ಕೆಲವು ವಿಶೇಷ ಭೋಜನಶಾಲೆಗಳು, ಪಾನೀಯ, ಇಂಟರ್‌ನೆಟ್ಟು ಇವೆಲ್ಲ ಬೇರೆ. ಒಂಟಿಯಾಗಿ ಹೋಗುವವರಿಂದ ಹಲವು ಕಂಪೆನಿಗಳು ಹತ್ತಿರ ಹತ್ತಿರ ಇಬ್ಬರ ದರವನ್ನೇ ಪಡೆಯುತ್ತವೆ. ವಿಧವೆಯಾದ ತಾಯಿಯನ್ನು ಬೇರೆ ಕೋಣೆಯಲ್ಲಿ ಇರಿಸುವುದಕ್ಕಿಂತ ಮಗಳೋ ಮೊಮ್ಮಗಳೋ ಜೊತೆಗಿರುವಂತೆ ಹಂಚಿಕೊಳ್ಳುವುದು ಹಣಕ್ಕೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ವ್ಯವಸ್ಥೆಯಿರುವವು ಕೆಲವೇ ಆದುದರಿಂದ, ಶಾಲೆಯ ರಜೆಯಲ್ಲಿ ಹೋಗುವ ಕುಟುಂಬಗಳು ನಾಲ್ಕೈದು ತಿಂಗಳು ಮೊದಲೇ ಗೊತ್ತುಮಾಡಬೇಕು. ಕೊನೆಯ ಗಳಿಗೆಯಲ್ಲಿ ದರ ಇಳಿಯುತ್ತದೆಂದು ಕಾಯುವುದು ಇಬ್ಬರೇ ಇರುವ, ಯಾವ ದಿನವಾದರೂ ಹೊರಡಬಲ್ಲವರ ಆಟ. ಹಣ ಕಟ್ಟುವ ಮುನ್ನ ಎಲ್ಲ ಸೇರಿ ಎಷ್ಟು, ಎಷ್ಟು ದಿನ ಮೊದಲು ರದ್ದುಮಾಡಿದರೆ ಎಷ್ಟು ಮರಳುತ್ತದೆ, ಈ ಎರಡನ್ನೂ ಕಾಗದದಲ್ಲಿ ಪಡೆಯಿರಿ. ಬಾಯಿಮಾತಿನ ಏಜೆಂಟನಿಗೆ ನಗದು ಕೊಡಬೇಡಿ.

ಲಕ್ಷದ್ವೀಪಕ್ಕೆ ಹೋಗಲು ಹೊರಗಿನವರೆಲ್ಲರಿಗೂ ಪ್ರವೇಶದ ಅನುಮತಿ ಬೇಕು. 1967ರ ನಿಯಮಾವಳಿಯಂತೆ ಇದು ಕಡ್ಡಾಯ. ಏರ್ಪಡಿಸಿದ ಪ್ರವಾಸಗಳಲ್ಲಿ ಅನುಮತಿಯನ್ನು ತೆಗೆಸಿಕೊಡುವವರು ಯಾರು, ಅದಕ್ಕೆ ಯಾವ ಯಾವ ಕಾಗದ ಬೇಕು ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಬೇಕು. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಅಲ್ಲಿಗೆ ಭೇಟಿಕೊಟ್ಟ ಬಳಿಕ ವಿಚಾರಿಸುವವರ ಸಂಖ್ಯೆ ಬಹಳ ಹೆಚ್ಚಿತು. ಹಡಗುಗಳು ದ್ವೀಪವಾಸಿಗಳಿಗೂ ಬೇಕಾದವು, ಸ್ಥಳ ಮಿತವಾದದ್ದು. ಹೋಗುವ ಚೀಟಿ ಕೈಗೆ ಬಂದರೆ ಸಾಲದು, ಮರಳುವುದೂ ಗಟ್ಟಿಯಾಗಿರಬೇಕು.

ದುಬೈಯಲ್ಲಿ, ಸಿಂಗಾಪುರದಲ್ಲಿ ಮಕ್ಕಳಿರುವವರು ಅಲ್ಲಿಂದಲೇ ಹೊರಡುವ ನೌಕೆಗಳಲ್ಲಿ ಹೋಗುವುದುಂಟು. ಅವರಿಗೆ ಒಂದೇ ಮಾತು. ನೌಕೆ ಬೇರೆ ದೇಶಕ್ಕೆ ಹೋಗಿ ಅದೇ ಬಂದರಿಗೆ ಮರಳಿದಾಗ ಅದು ಎರಡನೆಯ ಪ್ರವೇಶವೆನಿಸುತ್ತದೆ. ಒಂದೇ ಬಾರಿಯ ಪ್ರವೇಶಕ್ಕೆ ಪಡೆದ ವೀಸಾದಿಂದ ಮರಳಿ ಇಳಿಯಲಾಗದು. ಮಗ ದಂಡೆಯಲ್ಲಿ, ತಂದೆತಾಯಿ ನೌಕೆಯಲ್ಲಿ ಉಳಿಯುವ ಪ್ರಸಂಗ ಬಾರದಿರಲಿ.

ಕಾಲದ ವಿಷಯವನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಈ ಕಡಲಿನ ವಿಹಾರವೂ ಮುಗಿಯಬೇಕು. ನೂಲಹುಣ್ಣಿಮೆಗೆ ಮೊಗವೀರರು ಸಮುದ್ರಪೂಜೆ ಮಾಡಿದರೂ ಪೂರ್ತಿ ಶಾಂತವಾಗಲು ಅಕ್ಟೋಬರ ಬರಬೇಕು. ದಶಂಬರದ ನಡುವಿನಿಂದ ಮಾರ್ಚಿನ ವರೆಗೆ ಅತ್ಯುತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆಯಿದ್ದರೂ ಸೆಕೆ ಹೆಚ್ಚು. ಬಿರುಗಾಳಿಯೆದ್ದರೆ ಹಡಗುಗಳ ದಿನವೇ ಬದಲಾಗಬಹುದು.

ನಿತ್ಯದ ಔಷಧಿಯನ್ನು ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿ ಕಟ್ಟಿಕೊಳ್ಳಿ. ಅದನ್ನು ಕೈಚೀಲದಲ್ಲಿಯೇ ಇಡಿ, ದೊಡ್ಡ ಪೆಟ್ಟಿಗೆ ಕೋಣೆಗೆ ತಲುಪುವುದು ತಡವಾಗಬಹುದು. ವೈದ್ಯರ ಚೀಟಿಯೂ ಜೊತೆಗಿರಲಿ. ಹೃದಯದ ಬೇನೆಯವರು ಕೇವಲ ಪ್ರವಾಸದ ವಿಮೆಯನ್ನಲ್ಲ, ಕಡಲಿನ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಸೇರಿದ ವಿಮೆಯನ್ನು ಕೇಳಿ ಪಡೆಯಬೇಕು. ಗರ್ಭಿಣಿಯರನ್ನು ಇಪ್ಪತ್ತನಾಲ್ಕು ವಾರ ಕಳೆದ ಮೇಲೆ ವಿಹಾರನೌಕೆಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳಿಗಿಂತ ಎಳೆಯ ಕೂಸುಗಳನ್ನೂ ಅಷ್ಟೇ. ಸಸ್ಯಾಹಾರದ ನಿಯಮವಿರುವವರು ಗೊತ್ತುಮಾಡುವಾಗಲೇ ಬರೆಸಬೇಕು. ದೊಡ್ಡ ನೌಕೆಗಳಲ್ಲಿ ಇದಕ್ಕೆ ಕೊರತೆಯಿಲ್ಲ. ದ್ವೀಪಗಳಲ್ಲಿ ಮಾತ್ರ ಮೀನಿಲ್ಲದ ಊಟವೆಂದರೆ ಅಡುಗೆಯವರಿಗೇ ಅನುಕಂಪ ಹುಟ್ಟುತ್ತದೆ. ಮನೆಯಿಂದ ಒಯ್ದ ಮಾವಿನ ಮಿಡಿ ಉಪ್ಪಿನಕಾಯಿ ನಮ್ಮ ಐವರನ್ನಲ್ಲದೆ ಪುಣೆಯ ಒಂದು ಸಂಸಾರವನ್ನೂ ಕಾಪಾಡಿತು.

ಮರಳುವ ರೈಲಿನ ಚೀಟಿಯನ್ನು ಹಡಗು ಮುಟ್ಟುವ ವೇಳೆಗೆ ಅಂಟಿಕೊಂಡಂತೆ ಕಾದಿರಿಸಬಾರದು. ಬಂದರಿನಲ್ಲಿ ಸ್ಥಳವಿಲ್ಲದಿದ್ದರೆ ಹಡಗು ಹೊರಗಡೆ ಗಂಟೆಗಟ್ಟಲೆ ನಿಲ್ಲುತ್ತದೆ. ಬೆಳಿಗ್ಗೆ ಬರುವ ಹಡಗಾದರೆ ರಾತ್ರಿಯ ರೈಲು ಸರಿ. ಮಧ್ಯೆ ಉಳಿದ ಹಗಲಿನಲ್ಲಿ ಮಟ್ಟಾಂಚೇರಿಗೆ ಹೋಗಬಹುದು, ನಾವು ಹೋದೆವು. ನೆಲದ ಮೇಲೆ ನಡೆಯುತ್ತಿದ್ದರೂ ಇನ್ನೂ ತೂಗುತ್ತಿದೆಯಲ್ಲ ಎಂದು ಅಮ್ಮ ಎರಡು ಸಲ ನಿಂತರು. ಮರುದಿನ ಊರಿನಲ್ಲಿ ಅದೂ ನಿಂತಿತು.